ನೆರಳಿನ ಅಳತೆ

ಪೀಣ್ಯದಲ್ಲಿ ಪಾಳಿ ಬಿಡುವ ಹೊತ್ತು ಸಮೀಪಿಸಿತ್ತು. ಮಾರ್ಚ್ ತಿಂಗಳ ಕೊನೆಯ ವಾರ. ಗಂಟೆ ನಾಲ್ಕೂ ಮುಕ್ಕಾಲಾಗಿದ್ದರೂ ಬಿಸಿಲಿನ ಚುರುಕು ಕಡಿಮೆಯಾಗಿರಲಿಲ್ಲ. ಬೆಂಗಳೂರಿನ ವಾಯವ್ಯಕ್ಕಿರುವ ಈ ಕೈಗಾರಿಕಾ ಪ್ರದೇಶವು 1970ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ಅದಕ್ಕೆ ಹಿಂದೆ ಇಲ್ಲಿ ಹೊಲಗಳಿದ್ದುವು, ಕೆರೆಗಳಿದ್ದುವು. ಈಗ ಲೇತು ಯಂತ್ರಗಳ ಕೊರೆತ, ಎರಕದ ಮನೆಗಳ ಕಮಟು, ಸಿದ್ಧ ಉಡುಪಿನ ಕಾರ್ಖಾನೆಗಳ ಹೊಲಿಗೆಯ ಸದ್ದು, ಇವೆಲ್ಲವೂ ಒಂದರ ಬೆನ್ನಿಗೊಂದು ಸೇರಿ ಹಗಲೆಲ್ಲ ಒಂದೇ ನಾದವಾಗಿ ಕೇಳಿಸುತ್ತಿರುತ್ತದೆ. ಆ ನಾದವು ಒಮ್ಮೆಗೇ ತಗ್ಗಿತು. ಗೇಟುಗಳು ತೆರೆದುವು. ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸರು ಗುಂಪುಗುಂಪಾಗಿ ಬಸ್ಸು ಹಿಡಿಯುವುದಕ್ಕೆ ರಸ್ತೆಯ ಅಂಚಿಗೆ ಬಂದರು.

ನನ್ನ ಜೊತೆಯಲ್ಲಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ವಾಸ್ತುಶಿಲ್ಪದ ಪದವಿ ಪಡೆದು ಆಕೆಗೆ ಇನ್ನೂ ಎರಡು ವರ್ಷ ತುಂಬಿಲ್ಲ. “ಮೇಷ್ಟ್ರೇ, ನಿಮಗೊಂದು ವಿಚಿತ್ರ ತೋರಿಸುತ್ತೇನೆ ಬನ್ನಿ” ಎಂದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದಳು. ವಿಚಿತ್ರವೆಂದರೆ ಒಂದು ಬಸ್ ತಂಗುದಾಣ. ಅದರಲ್ಲಿ ನನಗೆ ಮೊದಲಿಗೆ ಯಾವ ವೈಚಿತ್ರ್ಯವೂ ಕಾಣಿಸಲಿಲ್ಲ. ಉಕ್ಕಿನ ಕಂಬಗಳು, ತಗಡಿನ ಚಾವಣಿ, ಹಿಂಭಾಗಕ್ಕೆ ಜಾಹೀರಾತು ಅಂಟಿಸಿದ ಗೋಡೆ, ಕುಳಿತುಕೊಳ್ಳಲು ಹೊಳೆಯುವ ಕೊಳವೆಗಳ ಆಸನ. ಎಲ್ಲವೂ ಕ್ರಮವಾಗಿಯೇ ಇದ್ದುವು. ಆದರೆ ಅದರೊಳಗೆ ಒಬ್ಬರೂ ಇರಲಿಲ್ಲ. ನಲವತ್ತು ಐವತ್ತು ಮಂದಿ ಹೆಂಗಸರು ತಂಗುದಾಣದ ಬೆನ್ನಿಗೆ, ಚರಂಡಿಯ ಕಲ್ಲುಚಪ್ಪಡಿಗಳ ಮೇಲೆ, ಒತ್ತೊತ್ತಾಗಿ ನಿಂತಿದ್ದರು. ಬಸ್ಸು ಬಂದ ಸದ್ದು ಕೇಳಿಸಿದೊಡನೆ ಗೋಡೆಯನ್ನು ಬಳಸಿಕೊಂಡು ಮುಂಭಾಗಕ್ಕೆ ಓಡಿದರು. ಹತ್ತಲಾಗದವರು ಮತ್ತೆ ಹಿಂದಕ್ಕೆ ಬಂದು ನಿಂತರು.

“ಯಾಕೆ ಹೀಗೆ?” ಎಂದೆ.

ಆಕೆ ಉತ್ತರಿಸದೆ ಆಕಾಶದ ಕಡೆಗೆ ಕೈತೋರಿಸಿದಳು. ಆ ರಸ್ತೆಯು ತೆಂಕಣದಿಂದ ಬಡಗಣಕ್ಕೆ ಹೋಗುತ್ತದೆ. ತಂಗುದಾಣವಿರುವುದು ಅದರ ಮೂಡಣ ಅಂಚಿನಲ್ಲಿ. ಅದರ ಮುಖ ಪಡುವಣಕ್ಕೆ. ಸಂಜೆಯ ಸೂರ್ಯನು ರಸ್ತೆಯ ಆಚೆಯ ಕಾರ್ಖಾನೆಯ ಮೇಲಿನಿಂದ ನೇರವಾಗಿ ಒಳಕ್ಕೆ ನುಗ್ಗುತ್ತಿದ್ದನು. ಕೊಳವೆಯ ಆಸನ ಮುಟ್ಟಲಾಗದಷ್ಟು ಕಾದಿತ್ತು. ಎಂಟು ಅಡಿ ಎತ್ತರದ ಚಾವಣಿಯ ನೆರಳು ಆ ಹೊತ್ತಿನಲ್ಲಿ 15 ಅಡಿಗೂ ಮಿಗಿಲಾಗಿ ಹಿಂದಕ್ಕೆ ಚಾಚಿಕೊಂಡು, ಯಾರೂ ನಿಲ್ಲಬೇಕೆಂದು ಬಯಸದ ಚರಂಡಿಯ ಮೇಲೆ ಬಿದ್ದಿತ್ತು. ಜನರು ಎಲ್ಲಿ ನೆರಳಿತ್ತೋ ಅಲ್ಲಿಗೆ ಹೋಗಿದ್ದರು, ಅಷ್ಟೆ. ರಸ್ತೆಯ ಎದುರು ಬದಿಯಲ್ಲಿ ಇದೇ ಅಚ್ಚಿನ ಇನ್ನೊಂದು ತಂಗುದಾಣವಿತ್ತು. ಅದರ ಮುಖ ಮೂಡಣಕ್ಕೆ. ಸಂಜೆ ಅದು ತಂಪಾಗಿತ್ತು. ಅಲ್ಲಿ ಕಾಯುವವರು ಇಬ್ಬರೋ ಮೂವರೋ ಇದ್ದರು. ಏಕೆಂದರೆ ಪಾಳಿ ಮುಗಿಸಿದವರ ಮನೆಗಳು ಆ ದಿಕ್ಕಿನಲ್ಲಿರಲಿಲ್ಲ!

ಆಕೆ ಕೆಲಸಮಾಡುತ್ತಿದ್ದ ಪುಟ್ಟ ಕಚೇರಿಗೆ ಇಂಥ ತಂಗುದಾಣಗಳ ಹೊಸ ಮಾದರಿಯೊಂದನ್ನು ರಚಿಸುವ ಕೆಲಸ ಬಂದಿತ್ತು. ಒಂದು ನಕ್ಷೆ ಬರೆದರೆ ಸಾಕು, ಅದನ್ನೇ ಎಲ್ಲ ಕಡೆಗೂ ನಿಲ್ಲಿಸಲಾಗುವುದೆಂದು ಕೆಲಸ ಒಪ್ಪಿಸಿದವರು ಹೇಳಿದ್ದರಂತೆ. “ಒಂದೇ ನಕ್ಷೆಯನ್ನು ಹೇಗೆ ಬರೆಯಲಿ? ನಮ್ಮ ಊರಿನಲ್ಲಿ ಹಿಂದೆ ಯಾರಾದರೂ ಇದನ್ನೆಲ್ಲ ಯೋಚನೆ ಮಾಡಿದ್ದರೆ?” ಎಂದು ಕೇಳಿದಳು. ಯೋಚಿಸಿದವರೊಬ್ಬರ ಕಥೆ ನನಗೆ ತಿಳಿದಿತ್ತು. ಹಿಂತಿರುಗುವಾಗ ಮೆಟ್ರೋ ರೈಲಿನಲ್ಲಿ ಆಕೆಗೆ ಹೇಳಿದ ಆ ಕಥೆಯನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಬೆಂಗಳೂರಿಗೆ ಬಂದಿಳಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರಿಗೆ ಆಗ ಮೂವತ್ತು ವರ್ಷ ವಯಸ್ಸು. ಅವರು ಹುಟ್ಟಿದ್ದು 1908ರಲ್ಲಿ, ಜರ್ಮನಿಯ ಬರ್ಲಿನ್ ನಗರದಲ್ಲಿ. ತಂದೆಯೂ ವಾಸ್ತುಶಿಲ್ಪಿಯೇ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಅವರಿಗೆ ಕಲಿಸಿದ ಗುರುಗಳಲ್ಲಿ ಬ್ರೂನೋ ಟೌಟ್ ಒಬ್ಬರು. ಅರಮನೆ ದೇವಾಲಯಗಳಿಗಷ್ಟೇ ವಾಸ್ತುಶಿಲ್ಪಿ ಬೇಕೆಂಬ ಭಾವನೆ ಇನ್ನೂ ಅಳಿಯದಿದ್ದ ಆ ಕಾಲದಲ್ಲಿ ಟೌಟ್ ಅವರು ಬರ್ಲಿನ್ನಿನ ಸಾಮಾನ್ಯ ಸಂಬಳಗಾರರಿಗಾಗಿ ದೊಡ್ಡ ವಸತಿಗಳನ್ನು ಕಟ್ಟಿದರು. ಅವುಗಳಲ್ಲೊಂದು ಕುದುರೆಯ ಲಾಳದ ಆಕಾರದಲ್ಲಿದೆ. ನಡುವೆ ಎಲ್ಲರಿಗೂ ಸೇರಿದ ಹಸುರು ಬಯಲು. ಬೆಳಕು, ಗಾಳಿ, ಹಸುರು ಇವು ಸಿರಿವಂತರ ಆಸ್ತಿಯಲ್ಲವೆಂಬ ಪಾಠ ಕೋನಿಗ್ಸ್‌ಬರ್ಗರ್ ಅವರಿಗೆ ದೊರೆತದ್ದು ಅಲ್ಲಿ.

ಆದರೆ ಆ ಪಾಠವನ್ನು ಸ್ವದೇಶದಲ್ಲಿ ಬಳಸುವ ಭಾಗ್ಯ ಅವರಿಗಿರಲಿಲ್ಲ. 1933ರಲ್ಲಿ ಹಿಟ್ಲರನ ಸರ್ಕಾರ ಬಂದಿತು. ಯಹೂದಿ ವಂಶದವರೆಂಬ ಒಂದೇ ಕಾರಣದಿಂದ ಸಾವಿರಾರು ಜನ ವಿದ್ವಾಂಸರು, ವೈದ್ಯರು, ನೌಕರರು ಕೆಲಸ ಕಳೆದುಕೊಂಡರು. ಇಪ್ಪತ್ತೈದರ ಈ ತರುಣನೂ ಅವರಲ್ಲೊಬ್ಬ. ದೇಶ ಬಿಟ್ಟು ಈಜಿಪ್ಟಿಗೆ ಹೋಗಿ, ಅಲ್ಲಿಯ ಪ್ರಾಚೀನ ಕಟ್ಟಡಗಳನ್ನು ಅಗೆದು ಅಳೆಯುವ ವಿದ್ವಾಂಸರ ಜೊತೆ ಸೇರಿಕೊಂಡರು. ಅವರ ಡಾಕ್ಟರೇಟ್ ಪ್ರಬಂಧದ ವಿಷಯವೇನು ಗೊತ್ತೆ? ಪ್ರಾಚೀನ ಈಜಿಪ್ಟಿನ ಬಾಗಿಲು! ಬಾಗಿಲನ್ನು ಹೇಗೆ ಜೋಡಿಸುತ್ತಿದ್ದರು, ಅದು ಯಾವುದರ ಮೇಲೆ ತಿರುಗುತ್ತಿತ್ತು ಎಂಬುದನ್ನು ಕುರಿತು ಒಂದು ಇಡೀ ಗ್ರಂಥ. ಕೇಳಿದವರಿಗೆ ನಗು ಬರಬಹುದು. ನನಗೇನೋ ಇದು ನಗುವ ಸಂಗತಿಯಾಗಿ ತೋರುವುದಿಲ್ಲ. ಪಿರಮಿಡ್ಡುಗಳ ನಾಡಿಗೆ ಹೋಗಿ, ಮನುಷ್ಯನ ಕೈ ದಿನವೂ ಮುಟ್ಟುವ ಬಾಗಿಲನ್ನು ನೋಡುವುದಕ್ಕೆ ಒಂದು ಬಗೆಯ ಕಣ್ಣು ಬೇಕು.

ಬೆಂಗಳೂರಿನ ಹೆಸರು ಅವರ ಮನೆಯಲ್ಲಿ ಹೊಸದೇನಾಗಿರಲಿಲ್ಲ. ಅವರ ಸೋದರಮಾವ, ಪ್ರಸಿದ್ಧ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ಕಾಲ ಇದ್ದು ಹೋಗಿದ್ದರು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಊರಿನ ಬೀದಿ, ಉದ್ಯಾನ, ದೀಪದ ಕಂಬಗಳನ್ನು ಕುದುರೆಯೇರಿ ಬಂದು ತಾವೇ ಪರೀಕ್ಷಿಸುತ್ತಿದ್ದ ದಿವಾನರೆಂದು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅಂಥವರ ಕೈಕೆಳಗೆ ಈ ಪರದೇಶದ ತರುಣನ ಕೆಲಸ ಮೊದಲಾಯಿತು.

ದಿವಾನರ ಅಭಿರುಚಿಯೂ ವಾಸ್ತುಶಿಲ್ಪಿಯ ಅಭಿರುಚಿಯೂ ಒಂದೇ ಆಗಿರಲಿಲ್ಲ. ಮಿರ್ಜಾ ಅವರಿಗೆ ಗುಮ್ಮಟ, ಕಮಾನು, ಅಲಂಕಾರ ಇವುಗಳ ಮೇಲೆ ಪ್ರೀತಿ. ನಗರವು ನೋಡುವುದಕ್ಕೆ ಸೊಗಸಾಗಿರಬೇಕೆಂಬ ಹಂಬಲ. ಕೋನಿಗ್ಸ್‌ಬರ್ಗರ್ ಅವರದು ಉಪಯೋಗದಿಂದಲೇ ರೂಪ ಹುಟ್ಟಬೇಕೆಂಬ ಪಂಥ. ಈ ಎರಡು ಎಳೆತಗಳ ನಡುವೆಯೇ ಅವರು ಸಂಸ್ಥಾನಕ್ಕಾಗಿ ಉದ್ಯಾನ ಮಂಟಪ, ಬಸ್ ನಿಲ್ದಾಣ, ಪ್ರಯೋಗಶಾಲೆ ಮೊದಲಾದ ಹಲವು ಬಗೆಯ ಕಟ್ಟಡಗಳನ್ನು ರಚಿಸಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವರ ಮೊದಲ ಕೆಲಸಗಳಲ್ಲೊಂದು. ಭಾರತೀಯ ವಿಜ್ಞಾನ ಸಂಸ್ಥೆಯ ಊಟದ ಮನೆ, ಲೋಹವಿಜ್ಞಾನ ಮತ್ತು ವಿಮಾನಶಾಸ್ತ್ರ ವಿಭಾಗಗಳ ಕಟ್ಟಡಗಳು ಅನಂತರ ಬಂದವು.

ಇಲ್ಲಿಗೆ ಬಂದ ಮೇಲೆ ಅವರು ಮರಳಿ ವಿದ್ಯಾರ್ಥಿಯಾಗಬೇಕಾಯಿತು. ಬರ್ಲಿನ್ನಿನಲ್ಲಿ ಬಿಸಿಲು ಅತಿಥಿ. ಅದನ್ನು ಒಳಕ್ಕೆ ಕರೆಯುವುದಕ್ಕಾಗಿ ದೊಡ್ಡ ಗಾಜಿನ ಕಿಟಕಿಗಳು ಬೇಕು. ಬೆಂಗಳೂರಿನಲ್ಲಿ ಅದೇ ಕಿಟಕಿಯನ್ನು ಇಟ್ಟರೆ ಕೋಣೆ ಕುಲುಮೆಯಾಗುತ್ತದೆ. ಈ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ಆದುದರಿಂದ ಸೂರ್ಯನು ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿಯೂ ಆಗಸ್ಟ್ 18ರ ಆಸುಪಾಸಿನಲ್ಲಿಯೂ, ನಡುಹಗಲಿನಲ್ಲಿ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಅಂದು ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನೀವು ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಇದನ್ನು ನೋಡಬಹುದು. ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂ ಕಾಲು ದಾಟಿದ ಮೇಲೆ ಕಾದಿರಬೇಕು. ಏಕೆಂದರೆ ನಮ್ಮ ಗಡಿಯಾರ ನಮ್ಮ ಊರಿನ ಸೂರ್ಯನದಲ್ಲ. ಆ ಎರಡು ದಿನಗಳ ನಡುವಣ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯನು ನಮಗೆ ಉತ್ತರದಲ್ಲಿರುತ್ತಾನೆ! ಯುರೋಪಿನ ಪುಸ್ತಕ ಓದಿದವನಿಗೆ ಇದು ನಂಬಲಾಗದ ಮಾತು. ಅಲ್ಲಿ ಮಧ್ಯಾಹ್ನದ ಸೂರ್ಯನು ಯಾವಾಗಲೂ ದಕ್ಷಿಣಕ್ಕೇ ಇರುತ್ತಾನೆ.

ಎತ್ತರದಲ್ಲಿರುವ ಈ ಸೂರ್ಯನನ್ನು ತಡೆಯುವುದು ಸುಲಭ. ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿದ ಸೂರು ಸಾಕು, ಗೋಡೆಯೂ ಕಿಟಕಿಯೂ ನೆರಳಿನಲ್ಲಿರುತ್ತವೆ. ಕಷ್ಟವಿರುವುದು ಬೆಳಗಿನ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ. ಅದು ಸೂರಿನ ಕೆಳಗಿನಿಂದಲೇ ನುಸುಳಿ ಬರುತ್ತದೆ. ಆದುದರಿಂದ ಕಟ್ಟಡದ ಉದ್ದನೆಯ ಮುಖಗಳು ತೆಂಕಣ ಬಡಗಣಕ್ಕಿರಬೇಕು. ಮೂಡಣ ಪಡುವಣಕ್ಕೆ ಕಿರಿಯ ಗೋಡೆಗಳಿರಬೇಕು. ಎದುರುಬದುರಾಗಿ ಕಿಟಕಿಗಳಿದ್ದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ಇಲ್ಲವಾದರೆ ಒಳಕ್ಕೆ ಬಂದ ಗಾಳಿಗೆ ದಾರಿಯೇ ಇರುವುದಿಲ್ಲ. ಇದೆಲ್ಲ ನಮ್ಮ ಹಳ್ಳಿಯ ಮನೆ ಕಟ್ಟುವವರಿಗೆ ತಿಳಿಯದ ವಿಷಯವಾಗಿರಲಿಲ್ಲ. ಜಗಲಿಯ ಮೇಲೆ ಇಳಿಬಿಟ್ಟ ಹೆಂಚಿನ ಸೂರು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಗೋಡೆಯ ಮೇಲ್ಭಾಗದ ಗವಾಕ್ಷಿ, ಇವು ಯಾವ ಕಾಲೇಜಿನಲ್ಲಿಯೂ ಕಲಿಯದೆ ಬಂದ ವಿದ್ಯೆಗಳು. ಆದರೆ ಮನೆಗೆ ಬಳಸಿದ ಬುದ್ಧಿಯನ್ನು ನೂರಾರು ಜನ ಒಟ್ಟಿಗೆ ಕುಳಿತು ಉಣ್ಣುವ, ಓದುವ, ಕಾಯುವ ದೊಡ್ಡ ಕಟ್ಟಡಕ್ಕೆ ಅಳತೆಯಿಂದ, ಲೆಕ್ಕದಿಂದ ಒಗ್ಗಿಸುವುದು ಬೇರೆಯ ಕೆಲಸ. ಕೋನಿಗ್ಸ್‌ಬರ್ಗರ್ ಅವರು ಒಂಬತ್ತು ವರ್ಷಗಳ ಕಾಲ ಇಲ್ಲಿ ಕಲಿತದ್ದು ಅದನ್ನು.

ಕಟ್ಟಡಗಳಿಂದ ಅವರ ದೃಷ್ಟಿ ಊರುಗಳ ಕಡೆಗೆ ಹರಿಯಿತು. ಟಾಟಾ ಸಂಸ್ಥೆಯವರ ಉಕ್ಕಿನ ನಗರವಾದ ಜಮ್‌ಷೆಡ್‌ಪುರದ ಬೆಳವಣಿಗೆಗೆ 1944-45ರಲ್ಲಿ ಯೋಜನೆ ಸಿದ್ಧಪಡಿಸಿದರು. 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರಕ್ಕೆ ನಕ್ಷೆ ಬರೆದರು. ಆ ನಕ್ಷೆಯಲ್ಲಿ ನನಗೆ ಪ್ರಿಯವಾದ ಎರಡು ಸಂಗತಿಗಳಿವೆ. ಊರನ್ನು ನೆರೆಕೇರಿಗಳಾಗಿ ವಿಂಗಡಿಸಿ, ಪ್ರತಿಯೊಂದು ಕೇರಿಯಲ್ಲಿಯೂ ಮಗುವೊಂದು ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಶಾಲೆಯಿರಬೇಕೆಂದು ಅವರು ಲೆಕ್ಕ ಹಾಕಿದರು. ಇನ್ನೊಂದು ರಸ್ತೆಗಳ ವಿಚಾರ. ರಸ್ತೆಯೆಂದರೆ ವಾಹನಗಳದೆಂದು ಭಾವಿಸುವುದೇ ರೂಢಿ. ಅವರು ಏಳು ಬಗೆಯ ಮಾರ್ಗಗಳನ್ನು ಕಲ್ಪಿಸಿದರು. ಆ ಪಟ್ಟಿಯ ಮೊದಲಿನಲ್ಲಿರುವುದು ಕಾಲುದಾರಿ! ಸೈಕಲ್ಲಿನವರಿಗೆ ಒಂದು, ಮನೆಗಳ ಮುಂದಿನ ಕಿರುಬೀದಿ ಒಂದು, ಹೀಗೆ ಮೇಲಕ್ಕೆ ಹೋಗಿ ಹೆದ್ದಾರಿಯು ಕೊನೆಗೆ ಬರುತ್ತದೆ. ಯಾರು ನಡೆಯುತ್ತಾರೆ ಎಂಬ ಪ್ರಶ್ನೆಯಿಂದ ಊರನ್ನು ಬರೆಯತೊಡಗಿದರೆ ಅದರ ರೂಪವೇ ಬೇರೆಯಾಗುತ್ತದೆ.

ಇಷ್ಟರಲ್ಲಿ ದೇಶವು ಸ್ವತಂತ್ರವಾಗಿತ್ತು, ವಿಭಜನೆಯೂ ಆಗಿತ್ತು. ಲಕ್ಷಾಂತರ ನಿರಾಶ್ರಿತರು ಮನೆಮಾರು ಬಿಟ್ಟು ದೆಹಲಿಗೂ ಪಂಜಾಬಿನ ಊರುಗಳಿಗೂ ಬಂದು ಡೇರೆಗಳಲ್ಲಿ ದಿನ ಕಳೆಯುತ್ತಿದ್ದರು. ನೆಹರೂ ಅವರ ಸರ್ಕಾರವು 1948ರಲ್ಲಿ ಕೋನಿಗ್ಸ್‌ಬರ್ಗರ್ ಅವರನ್ನು ಮೈಸೂರಿನಿಂದ ಕರೆಯಿಸಿಕೊಂಡು ಕೇಂದ್ರದ ವಸತಿ ನಿರ್ದೇಶಕರನ್ನಾಗಿ ನೇಮಿಸಿತು. ಮನೆಗಳು ಬೇಕು, ಬೇಗನೆ ಬೇಕು, ಅಗ್ಗವಾಗಿ ಬೇಕು. ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟುತ್ತ ಕುಳಿತರೆ ಆಗದ ಕೆಲಸವದು. ಆದುದರಿಂದ ಕಾರ್ಖಾನೆಯಲ್ಲಿ ಕಾಂಕ್ರೀಟಿನ ಗೋಡೆಹಲಗೆಗಳನ್ನು ಸಾವಿರಗಟ್ಟಲೆ ಅಚ್ಚು ಹಾಕಿ, ಸ್ಥಳಕ್ಕೆ ಸಾಗಿಸಿ, ಒಂದಕ್ಕೊಂದು ಜೋಡಿಸಿ ಮನೆ ಎಬ್ಬಿಸುವ ಉಪಾಯ ಮಾಡಿದರು. ದೆಹಲಿಯಲ್ಲಿ ಅಂಥ ಕಾರ್ಖಾನೆಯೊಂದು ನಿಂತಿತು. ಒಂದೇ ಮಾದರಿಯ ಮನೆ, ಎಣಿಕೆಯಿಲ್ಲದಷ್ಟು ಪ್ರತಿಗಳು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ!

ಅದು ಸೋತಿತು. ಗೋಡೆಹಲಗೆಗಳು ಬಿರುಕು ಬಿಟ್ಟವು. ಖರ್ಚು ಏರಿತು, ಟೀಕೆಯ ಮಾತುಗಳು ಸಂಸತ್ತಿನವರೆಗೂ ಹೋದುವು. ಡೇರೆಯಲ್ಲಿದ್ದವರು ಡೇರೆಯಲ್ಲಿಯೇ ಉಳಿದರು. 1951ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಬೆಂಗಳೂರಿನಲ್ಲಿ ಸೂರ್ಯನನ್ನೂ ಗಾಳಿಯನ್ನೂ ಅಳೆದು ಕಟ್ಟಿದವರಿಗೆ ದೆಹಲಿಯಲ್ಲಿ ಹೀಗಾಯಿತು. ದೊಡ್ಡವರ ಜೀವನವನ್ನು ಕುರಿತು ಬರೆಯುವವರು ಇಂಥ ಅಧ್ಯಾಯವನ್ನು ಬೇಗ ಬೇಗ ದಾಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದೇ ಅವರ ಜೀವನದ ತಿರುಳು. ಏಕೆಂದರೆ ಆ ಸೋಲಿನಿಂದ ಅವರು ಕಲಿತದ್ದು ಮುಂದೆ ಜಗತ್ತಿನ ಬೇರೆ ಮೂಲೆಗಳಲ್ಲಿ ಬೆಳೆಯಿತು.

1950ರ ದಶಕದ ನಡುವಿನಲ್ಲಿ ವಿಶ್ವಸಂಸ್ಥೆಯು ಅವರನ್ನೂ ಇತರ ಇಬ್ಬರು ತಜ್ಞರನ್ನೂ ಆಫ್ರಿಕದ ಗೋಲ್ಡ್ ಕೋಸ್ಟ್ ದೇಶಕ್ಕೆ, ಎಂದರೆ ಈಗಿನ ಘಾನಾ ದೇಶಕ್ಕೆ ಕಳುಹಿಸಿತು. ಅಲ್ಲಿಯೂ ವಸತಿಯದೇ ಸಮಸ್ಯೆ. ಈ ಸಲ ಅವರು ಕಾರ್ಖಾನೆಯ ಮಾತೆತ್ತಲಿಲ್ಲ. ಹಳ್ಳಿಯವರು ಮನೆ ಹೇಗೆ ಕಟ್ಟಿಕೊಳ್ಳುತ್ತಾರೆಂಬುದನ್ನು ಮೊದಲು ನೋಡಿದರು. ಮಣ್ಣಿನ ಗೋಡೆಯನ್ನು ಜನರು ತಾವೇ, ನೆರೆಹೊರೆಯವರ ನೆರವಿನಿಂದ, ಹೆಚ್ಚು ಹಣವಿಲ್ಲದೆ ಎಬ್ಬಿಸಿಬಿಡುತ್ತಿದ್ದರು. ಅವರ ಕೈ ಸೋಲುತ್ತಿದ್ದುದು ಚಾವಣಿಯಲ್ಲಿ. ತಗಡಿಗೂ ಮರಕ್ಕೂ ಒಟ್ಟಿಗೆ ಹಣ ಕೊಡಲಾರದೆ ವರ್ಷಗಟ್ಟಲೆ ಬೋಳು ಗೋಡೆಗಳು ಮಳೆಗೆ ಕರಗುತ್ತ ನಿಲ್ಲುತ್ತಿದ್ದುವು. ಹಾಗಾದರೆ ಸರ್ಕಾರವು ಇಡೀ ಮನೆ ಕಟ್ಟಿಕೊಡುವುದೇಕೆ? ಹಳ್ಳಿಯವರ ಸಂಘದ ಮೂಲಕ ಚಾವಣಿಗೂ ಬಾಗಿಲು ಕಿಟಕಿಗಳಿಗೂ ಮಾತ್ರ ಸಾಲ ಕೊಟ್ಟರೆ ಸಾಕಲ್ಲವೆ? ಹೀಗೆ ಹುಟ್ಟಿದ್ದು ಪ್ರಸಿದ್ಧವಾದ ‘ಚಾವಣಿ ಸಾಲ’ದ ಯೋಜನೆ. ದೆಹಲಿಯಲ್ಲಿ ಗೋಡೆಯಿಂದ ಚಾವಣಿಯವರೆಗೆ ಎಲ್ಲವನ್ನೂ ತಾವೇ ಕೊಡಹೋಗಿದ್ದ ವ್ಯಕ್ತಿ, ಇಲ್ಲಿ ಜನರ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಕೇಳಿ ತಿಳಿದು, ಇಲ್ಲದುದನ್ನು ಮಾತ್ರ ಸೇರಿಸಿದರು.

ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಶಾಲೆಯಲ್ಲಿ 1954ರಲ್ಲಿ ಉಷ್ಣವಲಯದ ವಾಸ್ತುಶಿಲ್ಪಕ್ಕೆಂದೇ ಒಂದು ವಿಭಾಗ ತೆರೆಯಿತು. ಮುಂದೆ ಕೋನಿಗ್ಸ್‌ಬರ್ಗರ್ ಅವರೇ ಅದರ ಮುಖ್ಯಸ್ಥರಾದರು. ಏಷ್ಯ ಆಫ್ರಿಕಗಳ ಅನೇಕ ತರುಣರು ಅಲ್ಲಿ ಕಲಿತು ಸ್ವದೇಶಗಳಿಗೆ ಹಿಂದಿರುಗಿದರು. ಬಿಸಿಲು, ಗಾಳಿ, ಮಳೆಗಳ ಲೆಕ್ಕವನ್ನು ಕುರಿತು ಅವರು ಜೊತೆಗಾರರೊಡನೆ ಬರೆದ ಗ್ರಂಥವು ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. 1999ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ತೀರಿಕೊಂಡರು. “ಅಯ್ಯೋ, ಆ ಪುಸ್ತಕ ನಮ್ಮ ಕಾಲೇಜಿನಲ್ಲಿಯೂ ಇತ್ತು! ಬರೆದವರು ಬೆಂಗಳೂರಿನಲ್ಲಿದ್ದರೆಂದು ಯಾರೂ ಹೇಳಲಿಲ್ಲ” ಎಂದು ನನ್ನ ವಿದ್ಯಾರ್ಥಿನಿ ಬೆರಗಾದಳು.

ಅವರು ಬಿಟ್ಟುಹೋದ ಬೆಂಗಳೂರು ಅನಂತರ ಎಷ್ಟು ಬೆಳೆಯಿತೆಂಬುದನ್ನು ನೀವು ಬಲ್ಲಿರಿ. ಅವರು ಇಲ್ಲಿಗೆ ಬಂದ ಮರುವರ್ಷವೇ, 1940ರಲ್ಲಿ, ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ ಊರಿನ ಮೂಡಣಕ್ಕೆ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಅಲ್ಲಿಂದ ಮುಂದೆ ಅದೇ ದಾರಿಯಲ್ಲಿ ಹೋದರೆ ವೈಟ್‌ಫೀಲ್ಡ್. ಇಂದು ಗಾಜಿನ ಗೋಪುರಗಳಿಗೆ ಹೆಸರಾದ ಈ ಊರನ್ನು 1882ರಲ್ಲಿ ಚಾಮರಾಜೇಂದ್ರ ಒಡೆಯರು ಕೊಟ್ಟ 3,900 ಎಕರೆ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ ಜನರು ಕೃಷಿಗಾಗಿ ಕಟ್ಟಿಕೊಂಡರು. ಅವರ ನಾಯಕ ಡಿ. ಎಸ್. ವೈಟ್ ಅವರಿಂದಲೇ ಊರಿಗೆ ಆ ಹೆಸರು. ಅದರ ನಡುವೆ ಚಕ್ರಾಕಾರದ ಒಂದು ಬಯಲು. ಸುತ್ತಲೂ ಮನೆಗಳು, ಎಲ್ಲವೂ ಬಯಲಿಗೆ ಮುಖಮಾಡಿ. ಒಳವೃತ್ತ, ಹೊರವೃತ್ತ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ತೆಂಕಣಕ್ಕೆ ಎಲೆಕ್ಟ್ರಾನಿಕ್ ಸಿಟಿ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನ ಫಲವಾಗಿ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಅದು ಮೊಳೆಯಿತು. ನೂರು ವರ್ಷ ಹಿಂದಿನ ರೈತರ ಊರು ನಡುವೆ ಒಂದು ಬಯಲನ್ನಿಟ್ಟುಕೊಂಡಿತು. ಕಾರ್ಖಾನೆಗಳ ಊರುಗಳಲ್ಲಾದರೋ ನಿವೇಶನಗಳನ್ನು ಹಂಚಿದರು, ಲಾರಿಗಳಿಗೆ ರಸ್ತೆ ಹಾಕಿದರು. ಪಾಳಿ ಮುಗಿಸಿ ಬಂದವನು ಎಲ್ಲಿ ಕುಳಿತುಕೊಳ್ಳಬೇಕೆಂಬುದು ಯಾರ ಗಮನಕ್ಕೂ ಬಂದಂತೆ ತೋರುವುದಿಲ್ಲ. ಮೆಟ್ರೋ ರೈಲು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬಂದಿತು. ಬಹಳ ಒಳ್ಳೆಯದು. ಆದರೆ ನಿಲ್ದಾಣದ ಮೆಟ್ಟಿಲಿಳಿದ ಮೇಲಿನ ಅರ್ಧ ಮೈಲಿಯನ್ನು ಒಮ್ಮೆ ನಡೆದು ನೋಡಿ.

ಹಾಗೆಂದು ಈ ಹೊರವಲಯದಲ್ಲಿ ಎಲ್ಲವೂ ಕೆಟ್ಟಿದೆಯೆಂದು ಹೇಳಲಾರೆ. ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ ಸಿಟಿಗೂ ನಡುವೆ, ಸರ್ಜಾಪುರ ರಸ್ತೆಯ ಬಳಿ, ಕೈಕೊಂಡ್ರಹಳ್ಳಿಯ ಕೆರೆಯಿದೆ. ಸುಮಾರು 48 ಎಕರೆಯ ಆ ಕೆರೆಯು ಹೂಳು ತುಂಬಿ, ಕೊಳಚೆ ಸೇರಿ ಸಾಯುತ್ತಿದ್ದಾಗ, 2009ರಿಂದ ಸುತ್ತಲಿನ ನಿವಾಸಿಗಳೂ ನಗರಪಾಲಿಕೆಯವರೂ ಕೂಡಿ ಅದನ್ನು ಉಳಿಸಿದರು. ಬೇಲಿ ಹಾಕಿ ನಡಿಗೆಯ ದಾರಿ ಮಾಡಿದ್ದರಷ್ಟೇ ಅದು ಹೊಸ ಮನೆಗಳವರ ಉದ್ಯಾನವಾಗಿ ಮುಗಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ದನಗಳಿಗೆ ಹುಲ್ಲು ಕೊಯ್ಯುವವರಿಗೆ ಅವಕಾಶ ಉಳಿಯಿತು. ಗಣೇಶನನ್ನು ಬಿಡುವುದಕ್ಕೆ ಕೆರೆಯ ನೀರು ಕೆಡದಂತೆ ಬೇರೆಯೇ ಒಂದು ಕಲ್ಯಾಣಿಯಾಯಿತು. ಮಕ್ಕಳು ಕುಳಿತು ನಾಟಕ ನೋಡುವುದಕ್ಕೆ ಮೆಟ್ಟಿಲುಗಳ ಬಯಲು ರಂಗಸ್ಥಳವಾಯಿತು. ಕೆರೆಯನ್ನು ಮೊದಲಿನಿಂದ ಬಳಸುತ್ತಿದ್ದವರು ಯಾರು ಎಂದು ಯಾರೋ ಕೇಳಿದ್ದರಿಂದ ಇದೆಲ್ಲ ಸಾಧ್ಯವಾಯಿತು.

ಈ ಕಥೆಯನ್ನೆಲ್ಲ ಕೇಳಿದ ವಾರದ ಮೇಲೆ ನನ್ನ ವಿದ್ಯಾರ್ಥಿನಿ ಹೊಸ ನಕ್ಷೆಯೊಂದನ್ನು ತಂದು ತೋರಿಸಿದಳು. ಪಡುವಣದ ಇಳಿಬಿಸಿಲು ಬೀಳುವ ಕಡೆಗೆ ಎದೆಯೆತ್ತರದಿಂದ ಮೇಲಕ್ಕೆ ಓರೆಯಾದ ಪಟ್ಟಿಗಳು. ಬೆನ್ನಿಗೆ ಹೊಂಗೆಯ ಮರಗಳು. ತಗಡಿನ ಕೆಳಗೆ ಗಾಳಿಯಾಡುವಂತೆ ಜಾಗ ಬಿಟ್ಟು ಇನ್ನೊಂದು ಹೊದಿಕೆ. ರಸ್ತೆಯ ಎರಡು ಬದಿಗೂ ಬೇರೆಬೇರೆ ನಕ್ಷೆ. ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ನನಗೆ ಬಹಳ ಸಂತೋಷವಾಯಿತು.

“ಸಂತೋಷಪಡಬೇಡಿ ಮೇಷ್ಟ್ರೇ. ಇದನ್ನು ಅಲ್ಲಿಯ ಹೆಂಗಸರಿಗೆ ತೋರಿಸಿದೆ. ಅರ್ಧ ಮಂದಿ ಬೇಡವೆಂದರು” ಎಂದಳು.

ಬೇಡವೆಂದವರು ರಾತ್ರಿ ಪಾಳಿಯಿಂದ ತಡವಾಗಿ ಬರುವವರು. ಅವರಿಗೆ ಬಿಸಿಲಿನ ಚಿಂತೆಯಿಲ್ಲ. ತಾವು ನಿಂತಿರುವುದು ರಸ್ತೆಯಲ್ಲಿ ಹೋಗುವವರಿಗೆ ಕಾಣಿಸುತ್ತಿರಬೇಕು, ದೂರದಿಂದ ಬರುವ ಬಸ್ಸೂ ಹತ್ತಿರಕ್ಕೆ ಬರುವ ಮನುಷ್ಯನೂ ತಮಗೆ ಕಾಣಿಸಬೇಕು. ಪಟ್ಟಿಗಳ ಮರೆಯಲ್ಲಿ ಯಾರಾದರೂ ನಿಂತಿದ್ದರೆ ಹೇಗೆ ತಿಳಿಯುತ್ತದೆ? ಹಗಲಿಗೆ ನೆರಳಾಗುವುದೇ ಇರುಳಿಗೆ ಹೆದರಿಕೆಯಾಗುತ್ತದೆ. ಬೇಕಾದರೆ ಒಂದು ದೀಪ ಹಾಕಿಸಿಕೊಡಿ, ಗೋಡೆ ಬೇಡ ಎಂದಿದ್ದರಂತೆ. ಇನ್ನೊಬ್ಬಾಕೆ, ಆಸನ ಎತ್ತರವಾಯಿತು, ದಿನವೆಲ್ಲ ನಿಂತು ಬಂದ ಕಾಲು ನೆಲಕ್ಕೆ ತಾಕಬೇಕು ಎಂದಳಂತೆ. ಪುಸ್ತಕದಲ್ಲಿ ಹದಿನೆಂಟು ಅಂಗುಲವೆಂದಿದ್ದುದನ್ನು ಈಕೆ ಹಾಗೆಯೇ ಬರೆದಿದ್ದಳು.

ನಾನು ಉಪಾಧ್ಯಾಯನ ಅಭ್ಯಾಸಬಲದಿಂದ ಏನಾದರೂ ಉಪಾಯ ಹೇಳಬೇಕೆಂದು ಬಾಯಿ ತೆರೆದೆ. ಹೇಳುವುದಕ್ಕೆ ಏನೂ ತೋಚಲಿಲ್ಲ. ಆಕೆಯೂ ಕೇಳುವುದಕ್ಕೆ ಕಾಯಲಿಲ್ಲ. ನಕ್ಷೆಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಮರದ ಎತ್ತರ ಕಡಿಮೆಯಾದೀತೆ, ಪಟ್ಟಿಗಳನ್ನು ಕದಲಿಸುವಂತೆ ಮಾಡಿದರೆ ಯಾರು ಕದಲಿಸುತ್ತಾರೆ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂದು ತನ್ನಷ್ಟಕ್ಕೆ ತಾನೇ ಗೊಣಗುತ್ತಿದ್ದಳು. ಆ ದಿನ ರಾತ್ರಿ ಪಾಳಿ ಬಿಡುವ ಹೊತ್ತಿಗೆ ತಾಯಿಯನ್ನು ಜೊತೆಗೆ ಕರೆದುಕೊಂಡು ಪೀಣ್ಯಕ್ಕೆ ಹೋಗುವವಳಿದ್ದಳು. ಅಳತೆಯ ಪಟ್ಟಿಯ ಜೊತೆಗೆ ಈ ಸಲ ಒಂದು ಟಾರ್ಚನ್ನೂ ತೆಗೆದುಕೊಂಡಳು.